ಮಳೆಯಿಲ್ಲದೆ ಏರಿದ ಹಳ್ಳ

ಕಾರಹುಣ್ಣಿಮೆಗೆ ನಮ್ಮ ಓಣಿಯಲ್ಲಿ ಎತ್ತಿನ ಕೋಡಿಗೆ ಬಣ್ಣ ಹಚ್ಚುತ್ತಾರೆ. ಆ ಎಣ್ಣೆಬಣ್ಣದ ವಾಸನೆ ಮೂಗಿಗೆ ಬಂದರೆ ಬೇರೆಯವರಿಗೆ ಹೋಳಿಗೆ ನೆನಪಾಗುತ್ತದೆ, ನನಗೆ ಹಳ್ಳ ನೆನಪಾಗುತ್ತದೆ. ಒಂದು ಹನಿ ಮಳೆ ಬೀಳದಿದ್ದರೂ ನಮ್ಮೂರ ಹಳ್ಳ ದಿನದಿನಕ್ಕೆ ಏರುತ್ತ ಹೋದ ಒಂದು ಮಳೆಗಾಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ಸಲವೂ ವಾಸನೆ ಬಂತು. ಕೈಯಲ್ಲಿ ಬೇರೆ ಕೆಲಸವಿಲ್ಲ, ಬರೆದಿಡುತ್ತೇನೆ.

ನಾನು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ನರಗುಂದ, ರೋಣ, ಗಜೇಂದ್ರಗಡ, ಮೂರೂ ಕಡೆ ಕುರ್ಚಿ ಹಾಕಿ ಕೂತು ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸಿ ನಿವೃತ್ತನಾದೆ. ಮನೆಯಲ್ಲೂ ಅದೇ ಪದ್ಧತಿ. ಚಹಾಕ್ಕೆ ಒಂದು ಹೊತ್ತು, ಸ್ನಾನಕ್ಕೆ ಒಂದು ಹೊತ್ತು, ಹೆಂಡತಿಯೊಡನೆ ಜಗಳಕ್ಕೂ ಒಂದು ಹೊತ್ತು. ಅದು ಊಟವಾದ ಮೇಲೆ. ಹಸಿದ ಹೊಟ್ಟೆಯಲ್ಲಿ ಆಡಿದ ಜಗಳ ಬೇಗ ಮುಗಿಯುವುದಿಲ್ಲ. ನನ್ನ ಹೆಂಡತಿ ಪಾರ್ವತೆವ್ವ ಈ ವ್ಯವಸ್ಥೆಯನ್ನು ಒಪ್ಪಿಕೊಂಡಿದ್ದಾಳೆ ಎಂದು ನಾನು ಬಹಳ ಕಾಲ ನಂಬಿದ್ದೆ.

ಇಡೀ ನೌಕರಿಯಲ್ಲಿ ನನ್ನ ಸೀಟಿಯ ಸದ್ದಿಗೆ ಹೆದರದೆ ಇದ್ದದ್ದು ನಮ್ಮೂರ ಹಳ್ಳ ಒಂದೇ. ಸೂಡಿ ದಾಟಿ ಗಜೇಂದ್ರಗಡಕ್ಕೆ ಹೋಗುವ ಕಡೆ, ಎರೆಭೂಮಿಯ ನಡುವೆ ನಮ್ಮೂರು. ಊರಿಗೂ ದೊಡ್ಡ ರಸ್ತೆಗೂ ನಡುವೆ ಹಳ್ಳ, ಹಳ್ಳಕ್ಕೆ ಒಂದು ತಗ್ಗಿನ ಸೇತುವೆ. ವರ್ಷದ ಬಹುಪಾಲು ಅದರಲ್ಲಿ ಕುರಿಗಳು ಮಲಗುತ್ತಿದ್ದವು. ಗುಡ್ಡದ ಕಡೆ ಜೋರು ಮಳೆಯಾದರೆ ಮಾತ್ರ ಹಳ್ಳ ಮುನ್ಸೂಚನೆ ಕೊಡದೆ ಬಂದು ಸೇತುವೆಯ ಮೇಲೆ ಹಾಯುತ್ತಿತ್ತು. ನಾನು ಹೊತ್ತಿಗೆ ಸರಿಯಾಗಿ ಬಿಟ್ಟ ಬಸ್ಸು ನನ್ನೂರಿನ ದಂಡೆಯಲ್ಲೇ ಬಂದು ನಿಲ್ಲುತ್ತಿತ್ತು. ಪ್ರಯಾಣಿಕರು ಇಳಿದು ಚುರಮುರಿ ತಿನ್ನುತ್ತಿದ್ದರು. 'ಹಳ್ಳ ಬಂದಿತ್ತರಿ' ಎಂಬುದು ತಡವಾಗಿ ಬಂದವರ ಸಿದ್ಧ ಉತ್ತರವಾಗಿತ್ತು, ಬೇಸಿಗೆಯಲ್ಲೂ. ಆದರೆ ಎದುರುಮನೆಯ ಬಸಲಿಂಗಪ್ಪನ ಸೊಸೆಗೆ ಹೆರಿಗೆ ನೋವು ಬಂದ ದಿನ ಹಳ್ಳ ನಿಜವಾಗಿಯೇ ಬಂದಿತ್ತು. ಆಕೆಯನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿ, ಕೆಸರಿನ ದಾರಿಯಲ್ಲಿ ಸುತ್ತು ಹಾಕಿ ಗಜೇಂದ್ರಗಡ ಮುಟ್ಟಿಸಿದ್ದರು. ಮಗು ದಾರಿಯಲ್ಲೇ ಹುಟ್ಟಿತು, ಇಬ್ಬರೂ ಉಳಿದರು. ಆಮೇಲೆ ಎತ್ತರದ ಸೇತುವೆ ಬೇಕು ಎಂದು ಇಡೀ ಊರು ಅರ್ಜಿಗೆ ಸಹಿ ಹಾಕಿತು.

ಅರ್ಜಿ ಫಲಿಸಿತು, ಆದರೆ ಅರ್ಧ. ಸೇತುವೆ ಒಂದೇ, ಅದು ನಮ್ಮೂರಲ್ಲಿ ಆಗಬೇಕೋ, ಹಳ್ಳದ ಮೇಲ್ಭಾಗದಲ್ಲಿರುವ ಮೇಲಿನೂರಿನಲ್ಲಿ ಆಗಬೇಕೋ ಎಂಬುದು ಮಳೆಗಾಲ ಮುಗಿಯುವುದರೊಳಗೆ ನಿಶ್ಚಯವಾಗಬೇಕಿತ್ತು. ಅದನ್ನು ಅಳೆದು ನೋಡಲು ಬಂದವಳೇ ಲವೀನಾ.

ಲವೀನಾ ಮಂಗಳೂರು ಕಡೆಯ ಕ್ರಿಶ್ಚಿಯನ್ ಹುಡುಗಿ, ಸೇತುವೆ ಮತ್ತು ಹೆದ್ದಾರಿಗಳ ವಿನ್ಯಾಸ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಅವಳ ಹೆಸರಿನಲ್ಲಿ ಆಗಲಿದ್ದ ಮೊದಲ ಸೇತುವೆ ಇದು. ನಮ್ಮ ಮನೆಯ ಹಿಂಬದಿಯಲ್ಲಿ, ಹಳ್ಳದ ದಾರಿಗೆ ಬಾಗಿಲಿರುವ ಒಂದು ಕೋಣೆಯಿದೆ. ಅದರಲ್ಲಿ ಮೊದಲು ಎತ್ತಿನ ಮೇವಿಗೆ ಜೋಳದ ಕಣಿಕೆ ತುಂಬುತ್ತಿದ್ದೆವು. ಸುಣ್ಣ ಹಚ್ಚಿಸಿ ಅವಳಿಗೆ ಬಾಡಿಗೆಗೆ ಕೊಟ್ಟೆ. ಅವಳು ಒಂದು ಗ್ಯಾಸ್ ಒಲೆ ಇಟ್ಟುಕೊಂಡು ಕೆಂಪಕ್ಕಿ ಗಂಜಿ ಕಾಯಿಸತೊಡಗಿದಳು. ಪಾರ್ವತೆವ್ವ ಮರುದಿನದಿಂದಲೇ ರೊಟ್ಟಿ ಕಳಿಸತೊಡಗಿದಳು.

"ಎಂತ ಕೆಲಸ ಅಂದರೆ ಕಾಕಾ, ಹವಾಮಾನ ಅತಿ ಕೆಟ್ಟದಾಗಿ ನಡೆದುಕೊಂಡರೆ ಎಷ್ಟು ಕೆಟ್ಟದಾಗಬಹುದು ಅಂತ ಲೆಕ್ಕ ಹಾಕುವುದು" ಎಂದು ಅವಳು ಹೇಳಿದಳು. "ಅತಿ ದೊಡ್ಡ ಮಳೆ, ಅತಿ ದೊಡ್ಡ ಬಿಸಿಲು, ಅತಿ ದೊಡ್ಡ ಗಾಳಿ. ಸರಾಸರಿ ಮಳೆಗೆ ಸೇತುವೆ ಕಟ್ಟಿದರೆ ಅದು ಸರಾಸರಿ ದಿನ ಮಾತ್ರ ನಿಲ್ಲುತ್ತದೆ."

ಈ ಮಾತು ನನಗೆ ತುಂಬ ಹಿಡಿಸಿತು. ಜಾತ್ರೆಯ ದಿನದ ಗದ್ದಲ ನೋಡಿಕೊಂಡೇ ನಾವು ಬಸ್ಸು ಹೆಚ್ಚಿಸುತ್ತಿದ್ದೆವು.

ಅವಳು ನಮ್ಮ ಮಾಳಿಗೆಯ ಮೇಲೆ ಒಂದು ಬಿಳಿ ಡಬ್ಬಿ ಕೂರಿಸಿದಳು. ಬಿದ್ದ ಮಳೆಯನ್ನು ಅದು ತಾನೇ ಅಳೆದು ಮೊಬೈಲ್ ಮೂಲಕ ಅವರ ಕಚೇರಿಗೆ ಕಳಿಸುತ್ತದಂತೆ. ಮೇಲಿನೂರಿನ ಹೊಲಗಳಲ್ಲೂ ಅಂಥವನ್ನು ಹಾಕಿ ಬಂದಳು. ನಮ್ಮ ಡಬ್ಬಿಯ ಉಸ್ತುವಾರಿ ನನ್ನದು. ಕೆಲವು ದಿನಗಳಾದ ಮೇಲೆ ಅವಳಿಗೆ ಕಚೇರಿಯಿಂದ ಫೋನ್ ಬಂತು. ಮಾತು ಮುಗಿಸಿ ಅವಳು ನೇರವಾಗಿ ನಮ್ಮ ಪಡಸಾಲೆಗೆ ಬಂದಳು.

"ಕಾಕಾ, ಜಿಲ್ಲೆಯಲ್ಲಿ ಎಲ್ಲಿಯೂ ಮಳೆ ಇಲ್ಲ. ನಿಮ್ಮ ಮನೆ ಮೇಲೆ ಮಾತ್ರ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಬರುತ್ತದೆ. ಇದು ಯಾವ ನಮೂನೆ ಮೋಡ ಅಂತ ಸಾಹೇಬರು ಕೇಳ್ತಿದ್ದಾರೆ. ಬೆಳಿಗ್ಗೆ ಮೇಲೆ ಹೋಗಿ ನೀವು ಎಂತ ಮಾಡ್ತೀರಿ?"

"ಡಬ್ಬಿ ತೊಳಿತೀನವಾ. ಇಲ್ಲೆ ಧೂಳ ಭಾಳ. ಒಂದ ತಂಬಗಿ ನೀರು ಹಾಕಿ ಸ್ವಚ್ಛ ಮಾಡ್ತೀನಿ."

ಒಳಗಿನಿಂದ ಪಾರ್ವತೆವ್ವ ಹೇಳಿದಳು: "ಯಾವ ಮೋಡ ಅಂತ ಕೇಳ್ಯಾರಲ್ಲ, ಫೋಟೋ ತಗದು ಕಳಸವಾ. ಇಲ್ಲೇ ಕುಂತೈತಿ."

ಅಂದಿನಿಂದ ಡಬ್ಬಿ ತೊಳೆಯುವುದನ್ನು ಬಿಟ್ಟೆ. ನನ್ನ ಬೆಳಗಿನಲ್ಲಿ ಒಂದು ಕೆಲಸ ಕಡಿಮೆಯಾಗಿ ಬಹಳ ದಿನ ಕಸಿವಿಸಿಯಾಯಿತು.

ಸಂಜೆ ಹೊತ್ತು ಊರ ಹೆಬ್ಬಾಗಿಲಾದ ಅಗಸಿಯ ಕಟ್ಟೆಯ ಮೇಲೆ ಹಿರಿಯರು ಕವಡಿ ಆಡುತ್ತಾರೆ. ಪಕ್ಕದಲ್ಲೇ ಮೌಲಾಸಾಬನ ಚಹಾದಂಗಡಿ. ಲವೀನಾಳೂ ಅಲ್ಲಿಗೆ ಬರತೊಡಗಿದಳು. ಬಿಸಿಲಿಗೆ ಸೇತುವೆ ಹಿಗ್ಗುತ್ತದೆ, ಅದಕ್ಕಾಗಿ ನಡುವೆ ಸಂದು ಬಿಡಬೇಕು ಎಂದು ಅವಳು ಹೇಳಿದಾಗ ಬಸಲಿಂಗಪ್ಪ ನಂಬಲಿಲ್ಲ.

"ನಾವು ಬ್ಯಾಸಗಿ ಬಂದ್ರ ಒಣಗ್ತೀವಿ, ಸೇತುವಿ ಹಿಗ್ಗತೈತೇನು? ಅದರ ಕೂಳ ಚಲೋ ಇರಬೇಕು."

ಅದಕ್ಕಿಂತ ದೊಡ್ಡ ಗೊಂದಲವಾದದ್ದು ನೂರು ವರ್ಷದ ನೀರಿನದು. ಸೇತುವೆಯನ್ನು ನೂರು ವರ್ಷಕ್ಕೊಮ್ಮೆ ಬರುವಂಥ ಪ್ರವಾಹಕ್ಕೆ ಕಟ್ಟುತ್ತೇವೆ ಎಂದಳು ಲವೀನಾ.

"ನಮ್ಮಪ್ಪನ ಕಾಲಕ್ಕ ಬಂದು ಹೋಗೇತಿ" ಎಂದ ಬಸಲಿಂಗಪ್ಪ. "ಇನ್ನ ನನ್ನ ಮೊಮ್ಮಗ ಮುದಕ ಆಗೂತನಕಾ ಚಿಂತಿಲ್ಲ."

"ಹಾಗಲ್ಲ ಮಾರಾಯ್ರೆ. ಮುಂದಿನ ವರ್ಷವೂ ಬರಬಹುದು."

"ಮತ್ತ ನೂರು ವರ್ಷ ಅಂತೀರಿ?"

ಅವಳು ಕವಡಿಗಳನ್ನು ಎತ್ತಿಕೊಂಡು ಕಟ್ಟೆಯ ಮೇಲೆ ಚೆಲ್ಲಿದಳು. ಎಲ್ಲ ಕವಡಿಗಳೂ ಅಂಗಾತ ಬೀಳುವುದು ಅಪರೂಪ. ಆದರೆ ಒಮ್ಮೆ ಬಿದ್ದ ಮೇಲೆ ಮರು ಎಸೆತಕ್ಕೆ ಹಾಗೆ ಬೀಳಬಾರದೆಂದು ಇದೆಯೇ ಎಂದು ಕೇಳಿದಳು. ವರ್ಷಕ್ಕೆ ಒಂದು ಎಸೆತ ಎಂದಳು. ಮೌಲಾಸಾಬ ಚಹಾ ಸೋಸುತ್ತ ಹೇಳಿದ: "ಬಸಲಿಂಗಪ್ಪಣ್ಣ, ನಿನ್ನೆ ನಿನಗ ಎರಡ ಸಲ ಹಾಂಗ ಬಿತ್ತಲ್ಲೋ. ಕವಡಿಗೆ ನಿನ್ನಿದು ನೆನಪಿರೂದಿಲ್ಲ." ಬಸಲಿಂಗಪ್ಪ ಹಳ್ಳದ ಕಡೆ ತಿರುಗಿ ನೋಡಿದ. ಅವನು ಬೆಚ್ಚಿದ್ದನ್ನು ನಾನು ಮೊದಲ ಸಲ ಕಂಡೆ.

ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆದಿತ್ತು. ಕೆಟ್ಟದ್ದು ಗೆರೆ ಎಳೆಯುವ ಕೆಲಸದಿಂದ.

ಹಿಂದೆ ಹಳ್ಳ ಊರೊಳಗೆ ಎಲ್ಲಿಯವರೆಗೆ ಬಂದಿತ್ತು ಎಂದು ಹಿರಿಯರನ್ನು ಕೇಳಿ ಗೋಡೆಯ ಮೇಲೆ ಕೆಂಪು ಗೆರೆ ಎಳೆಯಬೇಕು, ಆ ಎತ್ತರವನ್ನು ಅಳೆದು ಕಂಪ್ಯೂಟರಿಗೆ ಹಾಕಬೇಕು ಎಂದಳು ಲವೀನಾ. ಯಾವ ಮನೆಗೆ ಯಾವ ಹೊತ್ತಿಗೆ ಹೋಗುವುದೆಂದು ನಾನು ವೇಳಾಪಟ್ಟಿ ಮಾಡಿಕೊಟ್ಟೆ. ಅವಳಿಗೆ ಒಂದು ವಿಷಯ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ಅದು ಅಳತೆಗೆ ಅಡ್ಡ ಬಂದೀತು ಎಂದು ಹೊಳೆದಿರಲಿಲ್ಲ.

ನಮ್ಮಲ್ಲಿ ಹಳ್ಳ ದಂಡೆ ಮೀರಿ ಊರೊಳಗೆ ಬಂದರೆ ಹೆಂಗಸರು ಹೋಗಿ ಅದಕ್ಕೆ ಉಡಿ ತುಂಬುತ್ತಾರೆ. ಕುಬಸದ ಖಣ, ಹಸಿರು ಬಳೆ, ಅಕ್ಕಿ, ತೆಂಗಿನಕಾಯಿ. ತವರಿಗೆ ಬಂದ ಮಗಳನ್ನು ಬರಿಗೈಯಲ್ಲಿ ಕಳಿಸಬಾರದು, ಉಡಿ ತುಂಬಿದರೆ ಸಮಾಧಾನದಿಂದ ಹಿಂದಿರುಗುತ್ತಾಳೆ ಎಂಬ ಭಾವನೆ. ಏರಿದ ನೀರು ಯಾರ ಬಾಗಿಲಲ್ಲಿ ಬಂದು ನಿಲ್ಲುತ್ತದೋ ಆ ಮನೆಯ ಹೆಂಗಸಿಗೆ ಮೊದಲ ಉಡಿಯ ಮಾನ. ಆ ಮನೆಯವರಿಗೆ ಆಮೇಲೆ ಮದುವೆ ಮುಂಜಿಗಳಲ್ಲಿ ಮೊದಲ ಕುಂಕುಮ. ನೀರು ಕೊನೆಯ ಸಲ ಅಷ್ಟು ಏರಿ ಎಷ್ಟೋ ಕಾಲವಾಗಿತ್ತು. ಹೀಗಾಗಿ ಆ ಮಾನ ತಮ್ಮದೇ ಎಂದು ಎಲ್ಲ ಮನೆಯವರೂ ಹೇಳಿಕೊಂಡಿದ್ದರು.

ಬಸಲಿಂಗಪ್ಪ ತನ್ನ ಹೊಸ್ತಿಲನ್ನು ತೋರಿಸಿದ. "ಇಲ್ಲಿಗೆ ಬಂದು ನಿಂತಿತ್ತು. ನಮ್ಮಜ್ಜಿ ಉಡಿ ತುಂಬಿದ್ಲು." ಪಕ್ಕದ ಮನೆಯವರು ಅದನ್ನು ಕೇಳಿ ತಮ್ಮ ಕಿಟಕಿಯನ್ನು ತೋರಿಸಿದರು. ಆಚೆಯವರು ಮಾಳಿಗೆಯ ಅಂಚು ತೋರಿಸಿದರು. ಮರುದಿನ ಬಂದು ನೋಡಿದರೆ ಬಸಲಿಂಗಪ್ಪನ ಗೆರೆ ಹೊಸ್ತಿಲು ಬಿಟ್ಟು ಬಾಗಿಲ ಚಿಲಕಕ್ಕೆ ಏರಿತ್ತು. ಕಾರಹುಣ್ಣಿಮೆಯಲ್ಲಿ ಕೋಡಿಗೆ ಹಚ್ಚಿ ಉಳಿದ ಬಣ್ಣ ಎಲ್ಲರ ಮನೆಯಲ್ಲೂ ಇತ್ತು. ಅದರ ಮರುದಿನ ಪಕ್ಕದವರ ಗೆರೆ ಏರಿತು. ಆಕಾಶದಲ್ಲಿ ಹತ್ತಿಯಷ್ಟು ಮೋಡವಿಲ್ಲ, ಹೊಲದಲ್ಲಿ ಹೆಸರಿನ ಬೆಳೆ ಬಾಡುತ್ತಿದೆ, ಊರೊಳಗೆ ನೀರು ಗೋಡೆ ಹಿಡಿದು ಏರುತ್ತಿದೆ.

ನಮ್ಮ ಮನೆಗೆ ನೀರು ಬಂದಿಲ್ಲವೆಂದು ನಾನು ಮೆಟ್ಟಿಲಿನ ಕೆಳಗೆ ಗೆರೆ ಎಳೆಸಿದ್ದೆ. ಒಂದು ಬೆಳಿಗ್ಗೆ ಅದು ಗೂಟಕ್ಕೆ ತೂಗುಹಾಕಿದ ನನ್ನ ಟೊಪ್ಪಿಗೆಯ ಎತ್ತರದಲ್ಲಿತ್ತು. ಬಣ್ಣದ ಡಬ್ಬಿ ಇದ್ದದ್ದು ನನ್ನ ಮಂಚದ ಕೆಳಗೆ.

"ಇದೇನು?" ಎಂದೆ.

"ಅವರ ಚಿಲಕಕ್ಕ ಬಂದ ನೀರು ನಮ್ಮ ಮೆಟ್ಟಲಾ ಮುಟ್ಟಲಿಲ್ಲಾ ಅಂದ್ರ ಯಾರಾರ ನಂಬತಾರೇನ್ರಿ?" ಎಂದಳು ಪಾರ್ವತೆವ್ವ. "ನಾ ಅಳತಿ ಸರಿ ಮಾಡೀನಿ."

ಲವೀನಾ ಇವೆಲ್ಲವನ್ನೂ ಕಂಪ್ಯೂಟರಿಗೆ ಹಾಕಿದಳು. ಅದು ಹೇಳಿದ ಸೇತುವೆ ಹನಮಪ್ಪನ ಗುಡಿಯ ಶಿಖರಕ್ಕಿಂತ ಎತ್ತರವಾಗಿತ್ತು. ಅದಕ್ಕೆ ಏರುವ ರಸ್ತೆ ಸೂಡಿಯ ಹತ್ತಿರದಿಂದಲೇ ಶುರುವಾಗಬೇಕಿತ್ತು. ನೀವು ಅಳೆಯುತ್ತಿರುವುದು ಹಳ್ಳವನ್ನೋ ಸಮುದ್ರವನ್ನೋ ಎಂದು ಸಾಹೇಬರು ಕೇಳಿದರಂತೆ. ಇಷ್ಟು ಎತ್ತರ ಕಟ್ಟಲಾಗದು, ಸೇತುವೆ ಮೇಲಿನೂರಿಗೆ ಹೋಗಲಿ ಎಂಬ ಮಾತು ಶುರುವಾಯಿತು. ಅವಳ ಮುಖ ಇಳಿದುಹೋಗಿತ್ತು.

ಅಂದೇ ಕಟ್ಟೆಯ ಮೇಲೆ ಊರವರನ್ನು ಕೂಡಿಸಿದೆ. ನಿಲ್ದಾಣದಲ್ಲಿ ಘೋಷಣೆ ಮಾಡುತ್ತಿದ್ದ ದನಿಯಲ್ಲೇ ಹೇಳಿದೆ: "ನಿಮ್ಮ ಗೆರಿ ಏರಿದಷ್ಟೂ ಸೇತುವಿ ಮೇಲಿನೂರಿಗೆ ಹೊಂಟೈತಿ. ಮುಂದ ಹಳ್ಳ ಬಂದಾಗ ಮಾನ ಹೊತ್ಕೊಂಡು ಟ್ರ್ಯಾಕ್ಟರದಾಗ ಮಲಕೋರಿ."

ಬಸಲಿಂಗಪ್ಪ ಮೊಮ್ಮಗನ ತಲೆ ನೇವರಿಸುತ್ತ ಕೂತಿದ್ದ.

ಮರುದಿನದಿಂದ ನೀರು ಇಳಿಯತೊಡಗಿತು. ಸುಣ್ಣ ಬಳಿದರು, ಕೆರೆದರು, ಕೆಳಗೆ ಹೊಸ ಗೆರೆ ಎಳೆದರು. ಚಿಲಕದಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಓಣಿಗೆ. ಬಸಲಿಂಗಪ್ಪ ಹಳ್ಳದ ದಂಡೆಯ ಕಲ್ಲಿಗೆ ಬಣ್ಣ ಹಚ್ಚಿ ಬಂದು, "ಖರೇ ಅಂದ್ರ ಇದರ ಮ್ಯಾಲೆ ಎಂದೂ ಬಂದಿಲ್ಲರಿ" ಎಂದ. ಮೌಲಾಸಾಬ ನೋಡಿಬಂದು ಹೇಳಿದ: "ಇನ್ನ ಎರಡ ದಿನ ತಡದ್ರ ಹಳ್ಳ ಹಳ್ಳದಾಗೂ ಇರೂದಿಲ್ಲ."

ಲವೀನಾ ಅತ್ತಾಳು ಎಂದುಕೊಂಡಿದ್ದೆ. ಅವಳು ನಕ್ಕಳು, ಬಹಳ ಹೊತ್ತು ನಕ್ಕಳು. ಆಮೇಲೆ ಹೇಳಿದಳು: "ಏರಿದ್ದೂ ಬೇಡ, ಇಳಿದದ್ದೂ ಬೇಡ ಕಾಕಾ. ನಿಜವಾದ ಒಂದು ಮಳೆ ಬರಲಿ. ಎಷ್ಟು ಬಿತ್ತು ಅಂತ ಡಬ್ಬಿಗಳು ಹೇಳ್ತವೆ. ಅಷ್ಟು ಮಳೆಗೆ ನೀರು ಎಲ್ಲಿವರೆಗೆ ಬರಬೇಕು ಅಂತ ನನ್ನ ಲೆಕ್ಕ ಹೇಳ್ತದೆ. ಹಳ್ಳ ಅಲ್ಲಿಗೇ ಬಂದು ನಿಂತರೆ ಲೆಕ್ಕ ಸರಿ ಉಂಟು ಅಂತ. ಆಮೇಲೆ ಎಷ್ಟು ದೊಡ್ಡ ಮಳೆಗೆ ಬೇಕಾದರೂ ಅದನ್ನು ನಂಬಬಹುದು. ಯಾರನ್ನೂ ಕೇಳುವುದು ಬೇಡ."

ಹೀಗೆ ನಾವು ಮಳೆಗೆ ಕಾದೆವು. ಹುಬ್ಬಿ ನಕ್ಷತ್ರದ ಮಳೆ ನಾಲ್ಕು ಹನಿ ಉದುರಿಸಿ ಹೋಯಿತು. ಲವೀನಾ ಅದನ್ನು ನೋಡಿ, "ನಮ್ಮಲ್ಲಿ ಇದಕ್ಕೆ ಮಳೆ ಅನ್ನುವುದಿಲ್ಲ, ಮೋಡ ಸೀನಿತು ಅನ್ನುತ್ತೇವೆ" ಎಂದಳು. ವರದಿ ಕೊಡುವ ದಿನ ಹತ್ತಿರ ಬಂತು, ಅವಳಿಗೆ ಹಿಂತಿರುಗಲು ಕರೆ ಬಂತು. ಬರಿಗೈಯಲ್ಲಿ ಹೋದರೆ ಸೇತುವೆ ಮೇಲಿನೂರಿಗೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಪಾರ್ವತೆವ್ವ ಶೇಂಗಾ ಚಟ್ನಿ, ಕಟಕರೊಟ್ಟಿ ಕಟ್ಟಿಕೊಟ್ಟಳು. ಚೀಲ ಬಾಗಿಲಲ್ಲಿತ್ತು.

ಉತ್ತರಿ ಮಳೆ ಅಂದು ಮಧ್ಯಾಹ್ನ ಹಿಡಿಯಿತು. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳು ಮೊದಲು ಮಸುಕಾದವು, ಆಮೇಲೆ ಕಾಣಲೇ ಇಲ್ಲ. ಎರೆಮಣ್ಣಿನ ವಾಸನೆ ಎದ್ದಿತು. ಹನಿಗಳಲ್ಲ, ಕೊಡಗಳನ್ನೇ ಬೋರಲು ಹಾಕಿದ ಹಾಗೆ ಸುರಿಯಿತು. ಲವೀನಾ ಚೀಲವನ್ನು ಒಳಗೆ ಎಸೆದು ಕಂಪ್ಯೂಟರ್ ತೆರೆದಳು. "ಈಗ ಇದಕ್ಕೆ ಮಳಿ ಅಂತೀಯೇನವಾ?" ಎಂದು ಪಾರ್ವತೆವ್ವ ಕೇಳಿದಳು. "ಅಂತೇನೆ ಕಾಕು" ಎಂದಳು ಅವಳು ತಲೆ ಎತ್ತದೆ.

ಮಳೆ ಸಣ್ಣದಾದಾಗ ಇನ್ನೂ ಬೆಳಕಿತ್ತು. ಲವೀನಾ ಹೊರಗೆ ಬಂದು ತನ್ನ ಕೋಣೆಯ ಮೆಟ್ಟಿಲಿಗೆ, ಹೊಸ್ತಿಲಿನ ತುಸು ಕೆಳಗೆ, ಸೀಮೆಸುಣ್ಣದಿಂದ ಗೆರೆ ಎಳೆದಳು. "ಲೆಕ್ಕದ ಪ್ರಕಾರ ಇಲ್ಲಿಗೆ ಬರಬೇಕು" ಎಂದಳು. ಹಳ್ಳದ ಮೊರೆತ ಕೇಳಿ ಜನ ಕೊಡೆ ಹಿಡಿದು, ಗೋಣಿಚೀಲ ಹೊದ್ದು ಓಡಿಬಂದರು. ಮೊದಲು ತಗ್ಗಿನ ಸೇತುವೆ ಮುಳುಗಿತು. ಆಮೇಲೆ ದಂಡೆಯ ಮೇಲಿನ ಬಸಲಿಂಗಪ್ಪನ ಬಣ್ಣದ ಕಲ್ಲು ಮುಳುಗಿತು. "ಖರೇ ಹೇಳಿದ್ಯಪ್ಪಾ" ಎಂದ ಮೌಲಾಸಾಬ. ಗುಡ್ಡದ ಕೆಂಪು ನೀರು ಕಣಿಕೆ, ಚಪ್ಪಲಿ, ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಹೊತ್ತು ದಾರಿಗುಂಟ ಮೇಲೆ ಬಂತು.

ಸೇತುವೆ ಬೇಕಾದರೆ ನೀರು ಆ ಗೆರೆಯಲ್ಲೇ ನಿಲ್ಲಬೇಕು. ಎಲ್ಲರೂ ಅದನ್ನೇ ಬಯಸುತ್ತಿದ್ದರು ಎಂದು ನಾನು ನಂಬಿದ್ದೆ. ಹಿಂದಿರುಗಿ ನೋಡಿದರೆ ಪ್ರತಿ ಮನೆಯ ಹೆಂಗಸೂ ಸೆರಗಿನ ಮರೆಯಲ್ಲಿ ಉಡಿಯ ತಟ್ಟೆ ಹಿಡಿದು ತನ್ನ ತನ್ನ ಬಾಗಿಲಲ್ಲಿ ನಿಂತಿದ್ದಳು. ನನ್ನ ಹೆಂಡತಿಯ ತಟ್ಟೆಯಲ್ಲಿ ತೆಂಗಿನಕಾಯಿ ಎರಡಿದ್ದವು.

ನೀರು ಮೊದಲ ಮೆಟ್ಟಿಲು ಹತ್ತಿತು. ಎರಡನೆಯದನ್ನು ಹತ್ತಿತು. ಸುಣ್ಣದ ಗೆರೆಯ ಒಂದು ಬೆರಳು ಕೆಳಗೆ ಬಂದು ಅಲ್ಲಿಯೇ ಉಸಿರಾಡುವಂತೆ ಏರಿಳಿಯುತ್ತ ನಿಂತಿತು. ಅದು ಮುಂದೆ ಬರಲಿಲ್ಲ.

"ನಿಂತಿತು" ಎಂದಳು ಲವೀನಾ.

ಪಾರ್ವತೆವ್ವ ತಟ್ಟೆ ಹಿಡಿದು ಮುಂದೆ ಬಂದಳು. "ಕ್ವಾಣಿ ನಮ್ದು. ಮಾನ ನಮ್ದು."

"ಬಾಡಿಗಿ ತಗೊಂಡ ಮ್ಯಾಲೆ ನಿಮ್ದು ಹ್ಯಾಂಗ?" ಎಂದ ಬಸಲಿಂಗಪ್ಪ. "ಆದ್ರ ಆ ಹುಡುಗಿಗಿ ಇನ್ನೂ ಮದುವಿ ಆಗಿಲ್ಲ. ಆಕಿ ಉಡಿ ತುಂಬಾಕ ಬರೂದಿಲ್ಲ. ಹಾಂಗಿದ್ರ ಮಾನ ಹಿಂದಿನ ಸಲ ತುಂಬಿದ ನಮ್ಮ ಮನಿಗೇ..."

ಬಸಲಿಂಗಪ್ಪನ ತಾಯಿ ಗೌರಜ್ಜಿ ಕೋಲೂರಿಕೊಂಡು ಬಂದಿದ್ದಳು. ಊರಿಗೆಲ್ಲ ಹಿರಿಯಳು. "ಸುಮ್ಮನಿರೋ" ಎಂದು ಮಗನಿಗೆ ಹೇಳಿ, ನನ್ನ ಹೆಂಡತಿಯ ಕಡೆ ತಿರುಗಿದಳು. "ಪಾರವ್ವಾ, ಇಲ್ಲೆ ದಿನಾ ಒಲಿ ಹಚ್ಚಾಕಿ ಯಾರು?"

"ಲವಿನವ್ವ" ಎಂದಳು ಪಾರ್ವತೆವ್ವ, ಒಲ್ಲದ ಮನಸ್ಸಿನಿಂದ.

"ಒಲಿ ಯಾರದೋ ಮನಿ ಅವರದು. ಮದುವಿ ಆಗೇತೋ ಇಲ್ಲೋ ಅಂತ ಹಳ್ಳ ಕೇಳೇತೇನು? ಬಾಗಲಾ ನೋಡಿ ಬಂದೈತಿ. ಬಾರವಾ ಮಗಳ, ತುಂಬು."

ಪಾರ್ವತೆವ್ವ ತನ್ನ ತಟ್ಟೆಯನ್ನೇ ಅವಳ ಕೈಗಿಟ್ಟಳು. ಒಂದು ತೆಂಗಿನಕಾಯಿಯನ್ನು ಮಾತ್ರ ತೆಗೆದಿಟ್ಟುಕೊಂಡಳು.

"ಒಂದು ನಿಮಿಷ ಅಜ್ಜಿ" ಎಂದು ಲವೀನಾ ತಟ್ಟೆಯನ್ನು ಹಿಂದಿರುಗಿಸಿ, ಒಳಗಿನಿಂದ ಅಳತೆಯ ಕೋಲು ತಂದು ನೀರಿಗೆ ಹಿಡಿದಳು. ನನ್ನಿಂದ ಓದಿಸಿದಳು, ತಾನೂ ಓದಿದಳು, ಫೋಟೋ ತೆಗೆದಳು. ಹೆಂಗಸರು ಅಷ್ಟೂ ಹೊತ್ತು ಪೂಜಾರಿಯ ಮಂತ್ರ ಮುಗಿಯಲೆಂದು ಕಾಯುವವರ ಹಾಗೆ ಕಾದರು. ಆಮೇಲೆ ಅವಳು ಮೊಣಕಾಲೂರಿ, ಗೌರಜ್ಜಿ ಹೇಳಿಕೊಟ್ಟಂತೆ ಖಣ, ಬಳೆ, ಅಕ್ಕಿ, ಕಾಯಿಯನ್ನು ನೀರಿಗೆ ಬಿಟ್ಟಳು. ಕಣ್ಣು ಮುಚ್ಚಿ ಕೊಂಕಣಿಯಲ್ಲಿ ಏನೋ ಪ್ರಾರ್ಥಿಸಿದಳು. ಹಳ್ಳಕ್ಕೆ ಎಷ್ಟು ತಿಳಿಯಿತೋ ಗೊತ್ತಿಲ್ಲ, ಹೊತ್ತು ಮುಳುಗುವಾಗ ಅದು ಇಳಿಯತೊಡಗಿತ್ತು.

ಲೆಕ್ಕ ಸರಿಯಾಗಿತ್ತು, ವರದಿ ಹೋಯಿತು, ಸೇತುವೆ ನಮ್ಮೂರಿಗೇ ಬಂತು. ಗುಡಿಯ ಶಿಖರಕ್ಕಿಂತ ಬಹಳ ಕೆಳಗೆ, ಕುರಿ ಮಲಗಲಾರದಷ್ಟು ಮೇಲೆ. ನಡುವೆ ಬಿಸಿಲಿಗೆ ಹಿಗ್ಗಲು ಸಂದೂ ಇದೆ. ಬಸ್ಸು ಅದರ ಮೇಲೆ ಹಾಯುವಾಗ ಟಕ್ ಟಕ್ ಎನ್ನುತ್ತದೆ. ಆ ಸದ್ದು ಕೇಳಿ ನಾನು ಗಡಿಯಾರ ಹೊಂದಿಸಿಕೊಳ್ಳುತ್ತೇನೆ. ತಡವಾಗಿ ಬರುವವರು ಈಗ ಹೊಸ ನೆಪ ಹುಡುಕಬೇಕಾಗಿದೆ. ಊರಿನ ಮದುವೆಗಳಲ್ಲಿ ಮೊದಲ ಕುಂಕುಮ ಲವೀನಾಳ ಹೆಸರಿನಲ್ಲಿ ಒಂದು ವೀಳ್ಯದೆಲೆಗೆ ಹೋಗುತ್ತದೆ.

ನೂರು ವರ್ಷದ ನೀರು ಎಲ್ಲಿಗೆ ಬಂದೀತೆಂದು ಸೇತುವೆಯ ಊರ ಕಡೆಯ ಗೋಡೆಯ ಮೇಲೆ ಬಿಳಿ ಪಟ್ಟಿ ಬರೆಸಿದ್ದಾರೆ. ಆ ಮಟ್ಟಕ್ಕೆ ನೀರು ಬಂದರೆ ಹಿಂಬದಿಯ ತಗ್ಗಿನ ಕೋಣೆಯನ್ನು ದಾಟಿ ಓಣಿಯ ನಡುವೆ ನಿಲ್ಲುತ್ತದೆ. ಬಸಲಿಂಗಪ್ಪನ ಬಾಗಿಲಿಗೂ ಇಲ್ಲ, ನಮ್ಮ ಮುಂಬಾಗಿಲಿಗೂ ಇಲ್ಲ. ಇಂದು ಬೆಳಿಗ್ಗೆ ತಿರುಗಾಟಕ್ಕೆ ಹೋದಾಗ ನೋಡಿದೆ. ಬಿಳಿ ಪಟ್ಟಿಯ ಒಂದು ಗೇಣು ಮೇಲೆ ಹೊಸದಾಗಿ ಕೆಂಪು ಗೆರೆ. ಬಸಲಿಂಗಪ್ಪನ ಎತ್ತುಗಳ ಕೋಡು ಕೆಂಪು. ಕೆಂಪು ಗೆರೆಯ ನಾಲ್ಕು ಬೆರಳು ಮೇಲೆ ಇನ್ನೊಂದು ಗೆರೆ, ಹಸಿರು. ನಮ್ಮ ಮನೆಯಲ್ಲಿ ಕೋಡಿಗೆ ಹಸಿರು ಹಚ್ಚುವುದು ಹಿಂದಿನಿಂದ ಬಂದ ಪದ್ಧತಿ. ಮುಟ್ಟಿ ನೋಡಿದೆ, ಇನ್ನೂ ಒಣಗಿರಲಿಲ್ಲ.

ಮನೆಗೆ ಬಂದು ಕುಳಿತೆ. ಪಾರ್ವತೆವ್ವ ಚಹಾ ತಂದಿಟ್ಟಳು. ಬಟ್ಟಲು ಇಟ್ಟ ಅವಳ ಬೆರಳಿನ ಉಗುರ ಸಂದಿಯಲ್ಲಿ ಹಸಿರಿತ್ತು.

"ಬ್ರಿಜ್ ಕಡೆ ಹೋಗಿದ್ರೇನ್ರಿ?"

"ಹೋಗಿದ್ದೆ."

"ನೀರು ಎಲ್ಲೀತನಕಾ ಬರತೈತಂತ?"

ಊಟ ಇನ್ನೂ ಆಗಿರಲಿಲ್ಲ. ಜಗಳದ ಹೊತ್ತಲ್ಲ. "ನಮ್ಮ ಬಾಗಲಾತನಕ" ಎಂದು ಹೇಳಿ ಚಹಾ ಕುಡಿದೆ.